ಹಳೇ ಊರನ್ನು ಮುಟ್ಟದೆ ಬಿಟ್ಟರೆ ಸಾಕೇ?

ಎಲ್ಲರಿಗೂ ನಮಸ್ಕಾರ. ಹಳೇ ಊರುಗಳ ಮಾತು ಬಂದರೆ ಪ್ಯಾರಿಸ್‌ನಿಂದ ಶುರು ಮಾಡೋದು ವಾಡಿಕೆ. 1853ರಿಂದ ಅಲ್ಲಿನ ಆಡಳಿತಾಧಿಕಾರಿ ಹಾಸ್‌ಮನ್ ಓಣಿಗಳನ್ನು ಒಡೆದು ಅಗಲ ರಸ್ತೆ ಹಾಯಿಸಿದ ಕಥೆ ನಿಮಗೆ ಗೊತ್ತೇ ಇದೆ, ಬಿಡಿ. ಒಡೆದದ್ದು ತಪ್ಪು ಅನ್ನೋದು ಸುಲಭ. ಒಡೆಯದೆ ಬಿಟ್ಟರೆ ಏನಾಗುತ್ತದೆ? ನನಗೆ ಈ ಪ್ರಶ್ನೆಯ ಮೇಲೇ ಜಾಸ್ತಿ ಕುತೂಹಲ. ಅದಕ್ಕೆ ಮೊರಾಕೊದ ಫೆಜ್ ನಗರವನ್ನು ನೋಡೋಣ.

ಫೆಜ್‌ನ ಹಳೇ ಊರಿಗೆ ಮದೀನಾ ಅನ್ನುತ್ತಾರೆ. ನಕ್ಷೆಯಲ್ಲಿ ಬರೀ ಗೋಜಲು. ಒಳಗೆ ನಡೆದರೆ ಲೆಕ್ಕ ಸಿಗುತ್ತದೆ. ದೊಡ್ಡ ಮಸೀದಿಯ ಸುತ್ತ ಅಂಗಡಿ ಬೀದಿಗಳು. ಅಲ್ಲಿಂದ ಓಣಿ, ಓಣಿಯಿಂದ ಇನ್ನೂ ಕಿರಿದಾದ ಓಣಿ, ಕೊನೆಗೆ ಮುಂದೆ ದಾರಿಯೇ ಇಲ್ಲದ ಸಂದಿ. ಆ ಸಂದಿ ಅಲ್ಲಿನ ನಾಲ್ಕಾರು ಮನೆಯವರದೇ. ಹೊರಗಿನವರು ಸುಮ್ನೆ ನುಗ್ಗೋ ಹಾಗಿಲ್ಲ. ಬೀದಿ ಕಡೆಗೆ ಬೋಳು ಗೋಡೆ, ಗಾಳಿ ಬೆಳಕೆಲ್ಲ ಒಳಗಿನ ತೊಟ್ಟಿಯಿಂದ. ಕಾರು ಬರೋದಿಲ್ಲ. ಮೂಟೆ ಹೊತ್ತ ಹೇಸರಗತ್ತೆ ಬಂದರೆ, ಅದನ್ನು ಹೊಡೆದುಕೊಂಡು ಬರುವವನು 'ಬಾಲಕ್!', ಅಂದರೆ 'ಜೋಪಾನ!', ಅಂತ ಕೂಗುತ್ತಾನೆ. ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾರೆ.

1912ರಲ್ಲಿ ಫ್ರೆಂಚರ ಆಡಳಿತ ಬಂತು. ಲಿಯೋಟೆ ಆ ಆಡಳಿತದ ಮುಖ್ಯಸ್ಥ, ಆನ್ರಿ ಪ್ರೊಸ್ತ್ ಅವನ ನಗರ ಯೋಜಕ. ಮದೀನಾ ಮುಟ್ಟಬೇಡಿ, ಹೊಸ ಊರನ್ನು ದೂರ ಕಟ್ಟಿ ಅಂದರು. ಕೇಳೋಕೆ ಚೆಂದ, ಅಲ್ವಾ? ಆದರೆ ಯುರೋಪಿನವರು ಅಲ್ಲಿ, ಮೊರಾಕೊದವರು ಇಲ್ಲಿ ಅನ್ನೋ ಬೇಲಿಯೂ ಜೊತೆಗೇ ಎದ್ದಿತು. ಕಚೇರಿ, ಬ್ಯಾಂಕು, ದುಡ್ಡು ಹೊಸ ಊರಿನ ಪಾಲಾಯಿತು. 1956ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಉಳ್ಳವರು ಹೊಸ ಊರಿಗೋ ಕಾಸಾಬ್ಲಾಂಕಾಕ್ಕೋ ಹೊರಟರು. ಹಳ್ಳಿಯಿಂದ ಬಂದ ಬಡವರು ಆ ದೊಡ್ಡ ಮನೆಗಳಲ್ಲಿ ಕೋಣೆಗೊಂದು ಸಂಸಾರ ಹೂಡಿದರು. ರಿಪೇರಿ ಮಾಡಿಸುವವರು ಯಾರು? 1981ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಊರಿನಲ್ಲಿ ಎದುರುಬದುರು ಗೋಡೆಗಳು ಬೀಳದ ಹಾಗೆ ನಡುವೆ ಮರದ ತೊಲೆ ಕೊಟ್ಟು ನಿಲ್ಲಿಸಿದ ಓಣಿಗಳಿವೆ.

ಬೀಜಿಂಗ್‌ನಲ್ಲೂ 1950ರಲ್ಲಿ ವಾಸ್ತುಶಿಲ್ಪಿ ಲಿಯಾಂಗ್ ಸಿಚೆಂಗ್, ನಗರ ಯೋಜಕ ಚೆನ್ ಝಾನ್‌ಶಿಯಾಂಗ್ ಇಂಥದ್ದೇ ಸಲಹೆ ಕೊಟ್ಟರು. ಸರ್ಕಾರಿ ಕಚೇರಿಗಳನ್ನು ಹಳೇ ಊರಿನ ಪಶ್ಚಿಮಕ್ಕೆ ಕಟ್ಟಿ ಅಂದರು. ನಡೆಯಲಿಲ್ಲ. ಕೋಟೆ ಗೋಡೆಯ ಮೇಲೆ ಪಾರ್ಕ್ ಮಾಡಿ ಅಂದ ಲಿಯಾಂಗ್ ಮಾತನ್ನೂ ಯಾರೂ ಕೇಳಲಿಲ್ಲ. ಗೋಡೆ ಬಹುಪಾಲು ಹೋಯಿತು. ಅದರ ಜಾಡಿನಲ್ಲೇ ಈಗ ಎರಡನೇ ರಿಂಗ್ ರೋಡ್, ನೆಲದಡಿ ಮೆಟ್ರೊ. ಲಿಯಾಂಗ್ ಗೆದ್ದಿದ್ದರೆ ಬೀಜಿಂಗ್‌ಗೂ ಫೆಜ್ ಗತಿಯೇ ಬರುತ್ತಿತ್ತು ಅಂತ ನಾನು ಹೇಳಲಾರೆ. ಅವರಿಗೆ ಜನರನ್ನು ಬೇರೆ ಮಾಡೋ ಉದ್ದೇಶ ಇರಲಿಲ್ಲ.

ಇನ್ನು ಇಟಲಿಯ ಬೊಲೊನ್ಯಾ. ಗೋಡೆ ಉಳಿಸುತ್ತೀರಿ ಸರಿ, ಒಳಗಿರುವವರ ಗತಿಯೇನು ಅಂತ ಅಲ್ಲಿನ ಪಾಲಿಕೆ ಕೇಳಿತು. 1969ರಲ್ಲಿ ಹಳೇ ಊರಿಗೇ ಒಂದು ಯೋಜನೆ. 1973ರಲ್ಲಿ, ಊರಾಚೆ ಹೊಸ ಕಟ್ಟಡಗಳಿಗೆ ಹೋಗುತ್ತಿದ್ದ ಸರ್ಕಾರಿ ವಸತಿ ಹಣವನ್ನು ಹಳೇ ಸಾಲುಮನೆಗಳ ರಿಪೇರಿಗೆ ತಿರುಗಿಸಿದರು. ರಿಪೇರಿ ಮುಗಿದ ಮೇಲೆ ಮೊದಲಿದ್ದ ಬಾಡಿಗೆದಾರರೇ ವಾಪಸ್ ಬರಬೇಕು ಅನ್ನೋದು ಲೆಕ್ಕಾಚಾರ. ಮನೆಗಳನ್ನು ಸ್ವಾಧೀನ ಮಾಡಿಕೊಳ್ಳುತ್ತೇವೆ ಅಂದಾಗ ಮಾಲೀಕರು ತಿರುಗಿಬಿದ್ದರು. ಪಾಲಿಕೆ ಬಗ್ಗಿತು. ರಿಪೇರಿಗೆ ನೆರವು ಕೊಡುತ್ತೇವೆ, ನೀವು ಬಾಡಿಗೆ ಏರಿಸಬೇಡಿ ಅಂತ ಒಪ್ಪಂದಕ್ಕೆ ಬಂತು. ಕೆಲಸ ನಿಧಾನ, ಖರ್ಚು ಜಾಸ್ತಿ, ಅಂದುಕೊಂಡಷ್ಟು ಮನೆಗಳಿಗೆ ಅದು ತಲುಪಲೂ ಇಲ್ಲ. ಆದರೂ ನನ್ನ ಓಟು ಬೊಲೊನ್ಯಾಕ್ಕೇ. ಈ ಮೂರು ಊರುಗಳಲ್ಲಿ ಬಾಡಿಗೆಯ ಮಾತನ್ನೂ ಯೋಜನೆಯೊಳಗೆ ತಂದವರು ಅವರೇ.