ರಿಪೋರ್ಟಿನ ಎರಡು ಸಾಲು

ಎಲ್ಲರಿಗೂ ನಮಸ್ಕಾರ. ಇಲ್ಲಿ ನರ್ಸುಗಳು, ಆರೋಗ್ಯ ಕಾರ್ಯಕರ್ತೆಯರೇ ಜಾಸ್ತಿ ಇದ್ದೀರಿ. ಗರ್ಭಕಂಠದ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ಯಾಕೆ, ಅಲ್ಲಿ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಸ್ಲೈಡ್ ನೋಡುವುದು ನನ್ನ ಕೆಲಸ. ನಾವು ಕಳಿಸುವ ರಿಪೋರ್ಟಿನಲ್ಲಿ ಎರಡು ಬೇರೆ ಬೇರೆ ಮಾತಿರುತ್ತವೆ. ಜೀವಕೋಶ ಹೇಗಿದೆ ಅನ್ನುವುದು ಒಂದು. ಅಲ್ಲಿ ಯಾವ ಸೂಕ್ಷ್ಮಜೀವಿ ಕಂಡಿತು ಅನ್ನುವುದು ಇನ್ನೊಂದು. ದಯವಿಟ್ಟು ಎರಡನ್ನೂ ಬೇರೆ ಬೇರೆಯಾಗಿ ಓದಿ. ಇವತ್ತು ಈ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಬ್ಬರು ಹೆಣ್ಣುಮಗಳು ಬಂದಿದ್ದರು. ರಿಪೋರ್ಟಿನಲ್ಲಿ ಜೀವಕೋಶ ಸರಿಯಾಗಿದೆ ಅಂತಲೇ ಇತ್ತು. ಕೆಳಗಿನ ಸಾಲಿನಲ್ಲಿ, ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿದ್ದು, ಇರುವ ಹಾಗೆ ಕಾಣುತ್ತದೆ ಅಂತ ಬರೆದಿತ್ತು. ಮನೆಯಲ್ಲಿ ಯಾರೋ ಅದನ್ನು ಓದಿ, ಇದು ಕ್ಯಾನ್ಸರಿನ ಶುರು ಅಂದುಬಿಟ್ಟರು. ಆಕೆ ಹೆದರಿ ಆಂಟಿಸೆಪ್ಟಿಕ್ ನೀರಿನಿಂದ ಒಳಗೆಲ್ಲ ತೊಳೆಯಲು ಶುರು ಮಾಡಿದರು. ವಾಸನೆ ಜಾಸ್ತಿಯಾಯಿತು. ಇನ್ನೂ ತೊಳೆದರು. ಉರಿ ಬಂತು. ಉರಿ ಬಂದರೆ ಔಷಧಿ ಕೆಲಸ ಮಾಡುತ್ತಿದೆ ಅಂತ ಅರ್ಥ ಅಂತ ಅದೇ ಮನೆಯವರು ಹೇಳಿದರು! ಹಿಂದಿನ ಸಾಲಿನವರು ನಗುತ್ತಿದ್ದೀರಿ, ನಿಮಗೂ ಇಂಥವರು ಸಿಕ್ಕಿದ್ದಾರೆ ಅಂತ ಕಾಣುತ್ತೆ. ನನ್ನ ಮುಂದೆ ಕೂತಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ನಾನು ಅಷ್ಟೊಂದು ಗಲೀಜಾ ಡಾಕ್ಟ್ರೇ?"

ಅಲ್ಲವೇ ಅಲ್ಲ. ಯೋನಿಯಲ್ಲಿ ಬ್ಯಾಕ್ಟೀರಿಯಾ ಇರಲೇಬೇಕು. ಆಲ್ಬರ್ಟ್ ಡೋಡರ್‌ಲೈನ್ ಎಂಬ ಜರ್ಮನ್ ವೈದ್ಯ 1892ರಲ್ಲೇ ಅದನ್ನು ವಿವರಿಸಿದ್ದರು. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇರುವಾಗ ಯೋನಿಯ ಜೀವಕೋಶಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತುಂಬಿಕೊಳ್ಳುತ್ತದೆ. ಅದರ ಮೇಲೆ ಬದುಕುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಅದರಿಂದ ಅಲ್ಲಿ ಹುಳಿ ಉಳಿಯುತ್ತದೆ, ಪಿಎಚ್ 4.5ರ ಒಳಗೇ ಇರುತ್ತದೆ. ಬೇರೆ ಬ್ಯಾಕ್ಟೀರಿಯಾಗಳು ಅಲ್ಲಿ ಸುಲಭಕ್ಕೆ ಹೆಚ್ಚುವುದಿಲ್ಲ. ತೊಳೆದಾಗ ಮೊದಲು ಹೋಗುವುದು ಈ ಕಾವಲೇ.

ಕಾವಲು ಕಡಿಮೆಯಾದಾಗ ಸ್ಲೈಡಿನಲ್ಲಿ ಗೊತ್ತಾಗುತ್ತದೆ. ಆರೋಗ್ಯವಾಗಿದ್ದಾಗ ಜೀವಕೋಶಗಳ ನಡುವೆ ತೆಳ್ಳಗಿನ ಕಡ್ಡಿಯಂಥ ಲ್ಯಾಕ್ಟೋಬ್ಯಾಸಿಲಸ್‌ಗಳು ಕಾಣುತ್ತವೆ. ವಜೈನೋಸಿಸ್ ಇದ್ದರೆ ಜೀವಕೋಶದ ಮೇಲೆಲ್ಲ ಗಾರ್ಡ್ನರೆಲ್ಲಾದಂಥ ಪುಟ್ಟ ಬ್ಯಾಕ್ಟೀರಿಯಾಗಳು ಮೆತ್ತಿಕೊಂಡು, ಅಂಚು ಎಲ್ಲಿ ಅಂತಲೇ ತಿಳಿಯುವುದಿಲ್ಲ. ಆದರೆ ಒಳಗಿನ ನ್ಯೂಕ್ಲಿಯಸ್ ಸರಿಯಾಗೇ ಇರುತ್ತದೆ. ನಾವು ಹೆದರುವುದು ನ್ಯೂಕ್ಲಿಯಸ್ ದೊಡ್ಡದಾಗಿ, ಕಪ್ಪಾಗಿ, ಆಕಾರ ಕೆಟ್ಟಾಗ. ಅದು ಬೇರೆ ಸಾಲು.

ಹಾಗಾದರೆ ಎರಡಕ್ಕೂ ಸಂಬಂಧವೇ ಇಲ್ವಾ? ಇದೆ. ಲ್ಯಾಕ್ಟೋಬ್ಯಾಸಿಲಸ್ ಕಡಿಮೆ ಇರುವವರಲ್ಲಿ ಎಚ್‌ಪಿವಿ ಹೋಗದೆ ಉಳಿದುಕೊಳ್ಳುವುದು, ಜೀವಕೋಶ ಬದಲಾಗಿರುವುದು ಜಾಸ್ತಿ ಕಂಡಿದೆ. ಅದರಲ್ಲೂ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ ಎಂಬ ಬಗೆ ಇದ್ದವರ ಸ್ಥಿತಿ ಚೆನ್ನಾಗಿರುತ್ತದೆ. ಆದರೆ ಬ್ಯಾಕ್ಟೀರಿಯಾ ಬದಲಾಗಿದ್ದರಿಂದ ವೈರಸ್ ಉಳಿಯಿತೋ, ವೈರಸ್ ಬಂದಿದ್ದರಿಂದ ಬ್ಯಾಕ್ಟೀರಿಯಾ ಬದಲಾಯಿತೋ? ಎರಡೂ ಇರಬಹುದು. 2011ರಲ್ಲಿ ಸಂಶೋಧಕ ಜ್ಯಾಕ್ ರಾವೆಲ್ ಅವರ ತಂಡ ಯಾವ ತೊಂದರೆಯೂ ಇಲ್ಲದ 396 ಮಹಿಳೆಯರನ್ನು ಪರೀಕ್ಷಿಸಿತ್ತು. ಕಾಲು ಭಾಗಕ್ಕಿಂತ ಜಾಸ್ತಿ ಮಂದಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಮೇಲುಗೈ ಇರಲಿಲ್ಲ. ಅವರೆಲ್ಲ ರೋಗಿಗಳಲ್ಲ ಅಲ್ವಾ?

ಈಗ ನನಗೆ ನಿಜವಾಗಿ ನಿದ್ದೆ ಕೆಡಿಸುವ ವಿಷಯ. ಜೀವಕೋಶದ ಸಾಲಿನಲ್ಲಿ ಎಚ್‌ಎಸ್‌ಐಎಲ್, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಜೋರು ಬದಲಾವಣೆ, ಅಂತಿರುತ್ತದೆ, ಕೆಳಗೆ ಸೋಂಕು ಅಂತಲೂ ಇರುತ್ತದೆ. ಸೋಂಕಿಗೆ ಮೆಟ್ರೋನಿಡಜೋಲ್ ಮಾತ್ರೆ ಕೊಡುತ್ತಾರೆ. ಬಿಳಿಸೆರಗು ನಿಲ್ಲುತ್ತದೆ. ವಾಸಿಯಾಯಿತು ಅಂತ ಆಕೆ ಕೋಲ್ಪೋಸ್ಕೋಪಿಗೆ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ಕಾಣಿಸುವ ಉಪಕರಣದಿಂದ ನೋಡುವ ಪರೀಕ್ಷೆಗೆ, ಬರುವುದೇ ಇಲ್ಲ. ಮಾತ್ರೆ ಬ್ಯಾಕ್ಟೀರಿಯಾಕ್ಕೆ, ಎಚ್‌ಪಿವಿಗಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೋಬಯಾಟಿಕ್ ಕ್ಯಾಪ್ಸೂಲೂ ಅಷ್ಟೇ, ಅದನ್ನು ನುಂಗಿ ಮುಂದಿನ ಪರೀಕ್ಷೆ ಬಿಡಬಾರದು. ಎರಡು ಸಾಲು, ಎರಡು ದಾರಿ.

ಜೀವಕೋಶದ ಸಾಲಿನಲ್ಲಿ ಆಸ್ಕಸ್ (ಸ್ಪಷ್ಟವಲ್ಲದ ಬದಲಾವಣೆ), ಎಲ್‌ಎಸ್‌ಐಎಲ್ (ಸಣ್ಣ ಬದಲಾವಣೆ) ಬಂದವರಿಗೆ ಧೈರ್ಯ ಹೇಳಿ. ಹೆಚ್ಚಿನವರಲ್ಲಿ ಎಚ್‌ಪಿವಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಆದರೆ ಮತ್ತೆ ಬನ್ನಿ ಅಂದ ದಿನ ಅವರು ಬರಲೇಬೇಕು, ಅದನ್ನು ನೀವು ನೋಡಿಕೊಳ್ಳಿ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಮುಟ್ಟು ನಿಂತವರ ವಿಷಯ ದೊಡ್ಡದು, ಚಿಕ್ಕದಾಗಿ ಹೇಳುತ್ತೇನೆ. ಈಸ್ಟ್ರೋಜನ್ ಇಳಿದಾಗ ಲ್ಯಾಕ್ಟೋಬ್ಯಾಸಿಲಸ್ಸೂ ಇಳಿಯುತ್ತದೆ, ಯೋನಿಯ ಒಳಪದರ ತೆಳುವಾಗುತ್ತದೆ. ಒಣಗಿದ ಜೀವಕೋಶಗಳು ಕೆಲವೊಮ್ಮೆ ಕೆಟ್ಟವುಗಳ ಹಾಗೇ ಕಂಡು ನಮ್ಮನ್ನೂ ಗೊಂದಲಕ್ಕೆ ಹಾಕುತ್ತವೆ. ಹಾಗಾಗಿ ಫಾರ್ಮಿನಲ್ಲಿ ವಯಸ್ಸು, ಕೊನೆಯ ಮುಟ್ಟು ತಪ್ಪದೆ ಬರೆಯಿರಿ. ಆ ಜಾಗ ಖಾಲಿ ಬಿಡಬೇಡಿ.

ಇನ್ನೊಂದು. ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಹೋದ ಸಲದ ಪ್ಯಾಪ್ ಸರಿ ಇತ್ತು ಅಂತ ಯಾರನ್ನೂ ಮನೆಗೆ ಕಳಿಸಬೇಡಿ. ಅವರಿಗೆ ಸ್ಕ್ರೀನಿಂಗ್ ಸಾಲದು, ಡಾಕ್ಟರು ಅವತ್ತೇ ಕಣ್ಣಾರೆ ನೋಡಬೇಕು. ಈಗ ಪ್ರಶ್ನೆ ಕೇಳಿ.