ಗ್ವಾಡಿ ಒಂದು, ಗುತ್ತಿಗೆದಾರರು ನಾಲ್ವರು

ನಮಸ್ಕಾರ್ರೀ. ಇವತ್ತ ನಮ್ಮನಿ ಗ್ವಾಡಿ ಕಥಿ ಹೇಳ್ತೀನಿ. ನಗಬ್ಯಾಡ್ರಿ, ನಿಮ್ಮನಿ ಗ್ವಾಡೀನೂ ಇದನ್ನ ಹೇಳ್ತಿರಬಹುದು.

ಹುಬ್ಬಳ್ಳಿ ನವನಗರದಾಗ ನಮ್ಮದು 25 ವರ್ಷದ ಮನಿ. ದೀಪಾವಳಿ ಆದಮ್ಯಾಲ ಹೊರಗಿನ ಕೆಲಸ ಎಲ್ಲಾ ಒಮ್ಮೆಗೇ ಮುಗಿಸೋಣ ಅಂತ ಕೈ ಹಾಕಿದ್ವಿ. ಮಾಳಗಿಗೆ ವಾಟರ್‌ಪ್ರೂಫಿಂಗ್, ಗ್ವಾಡಿಗೆ ಗಿಲಾವ್, ಬಣ್ಣ, ಪೋರ್ಚಿಗೆ ಶೀಟು. ನಾಲ್ಕು ಕೆಲಸ, ನಾಲ್ಕು ಮಂದಿ. ಯಾರ ರೇಟ್ ಕಡಿಮಿ ಐತೋ ಅವರಿಗೆ ಕೊಟ್ಟೆ. ಎಷ್ಟ್ ಶ್ಯಾಣ್ಯಾ ಇದ್ದೆ ನೋಡ್ರಿ!

ಜೂನ್ ಮಳಿ ಬಿತ್ತು. ಪೋರ್ಚಿನ ಮ್ಯಾಲಿನ ಮೂಲ್ಯಾಗ ಅಂಗೈ ಅಗಲ ಬಣ್ಣ ಉಬ್ಬಿ ನಿಂತಿತ್ತು. ಉಗುರಿಲೆ ಕೆರದ್ರ ಹಪ್ಪಳದಂಗ ಮುರದು ಬಿತ್ತು, ಒಳಗ ಬೆಳ್ಳನ ಉಪ್ಪು. ಬಣ್ಣದಾಂವಗ ಫೋನ್ ಹಚ್ಚಿದೆ. "ಗಿಲಾವ್ ಹಸಿ ಇತ್ರಿ ಅಣ್ಣಾರ." ಗೌಂಡಿ ಅಂದ, "ಮ್ಯಾಲಿಂದ ನೀರ ಇಳದೈತ್ರಿ ಸಾಹೇಬ್ರ." ಮಾಳಗಿಯಾಂವ, "ಶೀಟಿನವರು ಡ್ರಿಲ್ ಹೊಡದಾರಲ್ರಿ, ಅಲ್ಲಿ ನೋಡ್ರಿ." ಶೀಟಿನಾಂವ ಫೋನೇ ಎತ್ತಲಿಲ್ಲ.

ಸಿಟ್ಟು ಇಳದಮ್ಯಾಲ ತಿಳೀತು, ಎಲ್ಲಾರೂ ಅರ್ಧರ್ಧ ಖರೇನೇ ಹೇಳಿದ್ರು. ಹೊಸ ಗಿಲಾವಿಗೆ ಕಡಿಮಿ ಅಂದ್ರೂ 7 ದಿನ ನೀರು ಹೊಡೀಬೇಕು, ಆಮ್ಯಾಲ ಬಣ್ಣಕ್ಕ ಮೊದಲ ಸುಮಾರು ನಾಲ್ಕು ವಾರ ಒಣಗಾಕ ಬಿಡಬೇಕು. ನಮ್ಮನ್ಯಾಗ ಕುಬಸ ಇತ್ತು, 12ನೇ ದಿನಕ್ಕ ನಾನೇ ಬಣ್ಣ ಹಚ್ಚಿಸಿದ್ದೆ. ಮಾಳಗಿ ಮ್ಯಾಲ ನೀರು ಕಟ್ಟಿ ಎರಡು ದಿನ ನಿಲ್ಲಿಸಿ ನೋಡಿರಲಿಲ್ಲ. ಡ್ರಿಲ್ ತೂತಿಗೆ ಯಾರೂ ಸೀಲಂಟ್ ಹಾಕಿರಲಿಲ್ಲ. ಅದು ಯಾರ ಕೆಲಸ ಅಂತ ಯಾರೂ ಮಾತಾಡಿರಲೇ ಇಲ್ಲಲ್ಲ!

ಅದಕ್ಕ ನಾ ಹೇಳೋದು ಇಷ್ಟ. ನೀರು ಮುಟ್ಟೋ ಕೆಲಸ, ಅಂದ್ರ ಮಾಳಗಿ, ಗಿಲಾವ್, ಪೈಪು, ಗ್ವಾಡಿಗೆ ಹೊಡಿಯೋ ತೂತು, ಎಲ್ಲಾ ಒಬ್ಬನ ಕೊಳ್ಳಿಗೇ ಕಟ್ರಿ. ರೇಟ್ ಒಂಚೂರು ಹೆಚ್ಚಾದ್ರೂ ಇರಲಿ. ಬಣ್ಣ, ಗೇಟು ಯಾರಿಗರೆ ಕೊಡ್ರಿ. ನೀರಿನಾಂವಂದು ನೂರಕ್ಕ ಹತ್ತರಷ್ಟು ರೊಕ್ಕ ಮಿರಗ ಮಳಿ ಆಗೂತನಕ ಬಾಕಿ ಇಡ್ರಿ, ಇದನ್ನ ಮೊದಲ ಬರದು ಸಹಿ ಮಾಡಿಸ್ರಿ. ಉಳಿದದ್ದನ್ನ ಮಾತ್ರ ವಾರವಾರ ಕೊಡ್ರಿ. ಅವನೂ ಸಂತಿ ದಿನ ಆಳಿನವರಿಗೆ ಬಟವಡಿ ಮಾಡಬೇಕಲ್ರಿ, ನಮ್ಮ ಜಿಪುಣತನಕ್ಕ ಅವರ ಸಂತಿ ಯಾಕ ತಪ್ಪಬೇಕು?

ಇನ್ನ ಕಂಪೌಂಡು. ಹುಬ್ಬಳ್ಳಿಯಿಂದ ನವಲಗುಂದ, ಗದಗ ಕಡೆ ಎರಿ ಮಣ್ಣು. ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಕುಗ್ಗಿ ಬಾಯಿ ಬಿಡತೈತಿ, ಅದರ ಕೂಡ ಗ್ವಾಡೀನೂ. "ಬಿರಕಿಗೆ ಸಿಮೆಂಟ್ ತುಂಬಿ ಬಣ್ಣ ಹಚ್ಚಿದ್ರ ಆತ್ರಿ" ಅಂದಾಂವಗ ಚಾ ಕುಡಿಸಿ ಕಳಸ್ರಿ. "ಒಂದ್ ಕಡೆ ಅಗದು ಬುನಾದಿ ನೋಡೋಣ್ರಿ" ಅಂದಾಂವನ ನಂಬರ್ ಬರಕೋರಿ.

ನಮ್ಮ ಮೂಲಿ ಈಗ ಕೆರದು ಮತ್ತ ಗಿಲಾವ್ ಮಾಡೇವಿ. ಗ್ವಾಡಿ ಮ್ಯಾಲ ಪೆನ್ಸಿಲ್ಲಿಲೆ ತಾರೀಖು ಬರದೀನಿ. ಬಣ್ಣದಾಂವ ದಿನಾ ಮುಂಜಾನೆ ಫೋನ್ ಮಾಡ್ತಾನ, "ಹಚ್ಚೋಣೇನ್ರಿ?" "ಇನ್ನೂ 11 ದಿನ ಐತಿ, ತಡಿಯಪ್ಪ."