ಹೊರಟದ್ದೆಷ್ಟು, ಎಣಿಸಿದ್ದೆಷ್ಟು?

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಬಾಟಲಿ ನೀರನ್ನೋ ಒಂದಿಷ್ಟು ಮಣ್ಣನ್ನೋ ವಿಕಿರಣ ಪರೀಕ್ಷೆಗೆ ಕೊಟ್ಟರೆ ಪ್ರಯೋಗಾಲಯದ ವರದಿಯಲ್ಲಿ ಕೊನೆಗೆ ಸಿಗುವುದು ಒಂದು ಸಂಖ್ಯೆ. ಕಿಲೋಗ್ರಾಮಿಗೆ ಇಷ್ಟು ಬೆಕ್ವೆರೆಲ್ ಎಂದು ಅದರಲ್ಲಿ ಬರೆದಿರುತ್ತದೆ. ಒಂದು ಬೆಕ್ವೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಬೀಜದ ಕ್ಷಯ. ಆದರೆ ಡಿಟೆಕ್ಟರ್ ಎಂಬ ಯಂತ್ರ ಕ್ಷಯಗಳನ್ನು ಎಣಿಸುವುದಿಲ್ಲ. ತನ್ನೊಳಗೆ ಹುಟ್ಟಿದ ವಿದ್ಯುತ್ ಮಿಡಿತಗಳನ್ನಷ್ಟೇ ಅದು ಎಣಿಸುತ್ತದೆ. ಮಿಡಿತದಿಂದ ಬೆಕ್ವೆರೆಲ್‌ಗೆ ಹೋಗುವ ದಾರಿಗೆ ಕ್ಯಾಲಿಬ್ರೇಷನ್ ಎಂದು ಹೆಸರು. ಈ ದಾರಿಯಲ್ಲಿ ಪ್ರಯೋಗದ ಅಳತೆಯೂ ಕಂಪ್ಯೂಟರ್ ಸಿಮ್ಯುಲೇಷನ್ನೂ ಹೇಗೆ ಒಂದನ್ನೊಂದು ಪರೀಕ್ಷಿಸುತ್ತವೆ ಎಂಬುದು ಇಂದಿನ ವಿಷಯ.

ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲ. ಹಾಗಾಗಿ ಒಂದು ಲೆಕ್ಕವನ್ನು ನಿಧಾನವಾಗಿ ಹೇಳುತ್ತೇನೆ. ಸೀಸಿಯಂ-137ರ ಒಂದು ಪುಟ್ಟ ಆಕರವಿದೆ. ಅದರಲ್ಲಿ ಸೆಕೆಂಡಿಗೆ 10,000 ಕ್ಷಯಗಳು ನಡೆಯುತ್ತಿವೆ. ನೂರು ಕ್ಷಯಗಳಲ್ಲಿ ಸುಮಾರು 85 ಸಲ ಮಾತ್ರ 662 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣ ಹೊರಬರುತ್ತದೆ. ಅಲ್ಲಿಗೆ 10,000 ಹೋಗಿ 8,500 ಆಯಿತು. ಈ 8,500 ಕಿರಣಗಳು ಎಲ್ಲ ದಿಕ್ಕಿಗೂ ಚೆಲ್ಲುತ್ತವೆ. 25 ಸೆಂಟಿಮೀಟರ್ ದೂರದಲ್ಲಿ 6 ಸೆಂಟಿಮೀಟರ್ ಅಗಲದ ಡಿಟೆಕ್ಟರಿನ ಜರ್ಮೇನಿಯಂ ಹರಳು ಇದ್ದರೆ ಅದರ ಮುಖಕ್ಕೆ ಬೀಳುವುದು ಸುಮಾರು 30. ಈ ಮೂವತ್ತರಲ್ಲೂ ಕೆಲವು ಏನೂ ಆಗದವರಂತೆ ಹರಳನ್ನು ತೂರಿಕೊಂಡು ಹೋಗುತ್ತವೆ. ಕೆಲವು ಎಲೆಕ್ಟ್ರಾನ್ ಒಂದಕ್ಕೆ ಡಿಕ್ಕಿ ಹೊಡೆದು, ಶಕ್ತಿಯ ಒಂದು ಪಾಲನ್ನು ಅಲ್ಲಿ ಬಿಟ್ಟು ಹೊರಬೀಳುತ್ತವೆ. ಇದನ್ನು ಕಾಂಪ್ಟನ್ ಚದುರಿಕೆ ಎನ್ನುತ್ತಾರೆ. ಉಳಿದ ಕೆಲವು ಮಾತ್ರ ತಮ್ಮ ಪೂರ್ತಿ 662ನ್ನೂ ಹರಳಿಗೆ ಒಪ್ಪಿಸುತ್ತವೆ. ಯಾವ ಶಕ್ತಿಯ ಮಿಡಿತ ಎಷ್ಟು ಸಲ ಬಂತೆಂದು ತೋರಿಸುವ ನಕ್ಷೆಯಲ್ಲಿ, ಅಂದರೆ ರೋಹಿತದಲ್ಲಿ, ಚೂಪಾದ ಶಿಖರವಾಗಿ ಎದ್ದು ಕಾಣುವವು ಇವೇ. ಆಕರದಿಂದ ಹೊರಟ ಕಿರಣಗಳಲ್ಲಿ ಎಷ್ಟು ಪಾಲು ಈ ಶಿಖರದಲ್ಲಿ ಎಣಿಕೆಯಾಯಿತು ಎಂಬುದೇ ಡಿಟೆಕ್ಟರಿನ ದಕ್ಷತೆ. ಸಾವಿರಕ್ಕೆ ಒಂದರಷ್ಟು ಸಿಕ್ಕರೂ ತಕ್ಕಮಟ್ಟಿಗೆ ಒಳ್ಳೆಯ ದಕ್ಷತೆಯೇ.

ಕ್ಯಾಲಿಬ್ರೇಷನ್‌ನಲ್ಲಿ ಎರಡು ಬಗೆ. ಮೊದಲನೆಯದು ಶಕ್ತಿಯದು: ಯಾವ ಎತ್ತರದ ಮಿಡಿತಕ್ಕೆ ಎಷ್ಟು ಕಿಲೋ ಎಲೆಕ್ಟ್ರಾನ್ ವೋಲ್ಟ್ ಎಂದು ಗುರುತು ಹಾಕುವುದು. ಇದು ಸುಲಭ. ಅಮೆರಿಸಿಯಂ-241ರ 59.5, ಸೀಸಿಯಂನ 662, ಕೋಬಾಲ್ಟ್-60ರ 1173 ಮತ್ತು 1332, ಇಷ್ಟು ಶಿಖರಗಳು ಸಿಕ್ಕರೆ ನಡುವೆ ಗೆರೆ ಎಳೆಯಬಹುದು. ದ್ರವ ಸಾರಜನಕದಿಂದ ತಣ್ಣಗಿರಿಸಿದ ಜರ್ಮೇನಿಯಂನಲ್ಲಿ ಒಂದು ಜೋಡಿ ವಿದ್ಯುದಂಶ ಬಿಡಿಸಲು ಸುಮಾರು 3 ಎಲೆಕ್ಟ್ರಾನ್ ವೋಲ್ಟ್ ಸಾಕು. ಒಂದು 662ರ ಕಿರಣದಿಂದ ಎರಡು ಲಕ್ಷಕ್ಕೂ ಮಿಕ್ಕಿ ಜೋಡಿಗಳು ಹುಟ್ಟುತ್ತವೆ. ಅದಕ್ಕೇ ಅದರ ಶಿಖರಗಳು ಅಷ್ಟು ಕಿರಿದು. ಸೋಡಿಯಂ ಅಯೊಡೈಡ್ ಹರಳಿನಲ್ಲಿ ಇದೇ ಶಿಖರ ಇಪ್ಪತ್ತು ಪಟ್ಟಿಗೂ ಹೆಚ್ಚು ಅಗಲವಾಗಿರುತ್ತದೆ.

ಎರಡನೆಯದು ದಕ್ಷತೆಯ ಕ್ಯಾಲಿಬ್ರೇಷನ್. ತಲೆನೋವು ಇರುವುದೆಲ್ಲ ಇಲ್ಲಿ.

ಪ್ರಯೋಗದ ದಾರಿ ಸರಳವಾಗಿ ಕಾಣುತ್ತದೆ. ಚಟುವಟಿಕೆ, ಅಂದರೆ ಸೆಕೆಂಡಿಗೆ ನಡೆಯುವ ಕ್ಷಯ, ಎಷ್ಟೆಂದು ಪ್ರಮಾಣಪತ್ರವಿರುವ ಆಕರವನ್ನು ತಂದು ಗೊತ್ತಾದ ಜಾಗದಲ್ಲಿಟ್ಟು ಎಣಿಸುವುದು. ಹೊರಟದ್ದೆಷ್ಟೆಂದು ಪ್ರಮಾಣಪತ್ರ ಹೇಳುತ್ತದೆ, ಎಣಿಸಿದ್ದು ಕಣ್ಣೆದುರಿಗಿದೆ, ಭಾಗಿಸಿದರೆ ದಕ್ಷತೆ ಬಂತು. ಪ್ರಮಾಣಪತ್ರದ ಮೇಲಿರುವ ದಿನಾಂಕವನ್ನು ಮಾತ್ರ ಗಮನಿಸಬೇಕು. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ಒಂದೇ ವರ್ಷದಲ್ಲಿ ಅದು ನೂರಕ್ಕೆ ಹನ್ನೆರಡರಷ್ಟು ಕುಂದುತ್ತದೆ. ಇನ್ನು ತಾಳ್ಮೆಯ ಮಾತು. ಶಿಖರದಲ್ಲಿ 10,000 ಎಣಿಕೆ ಸೇರಿದರೆ ಅನಿಶ್ಚಿತತೆ ಅದರ ವರ್ಗಮೂಲ, ಅಂದರೆ 100; ನೂರಕ್ಕೆ ಒಂದು ಪಾಲು. ಅದನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಹೊತ್ತು ಕಾಯಬೇಕು. ಈ ನಿಯಮದಿಂದ ಯಾರಿಗೂ ರಿಯಾಯಿತಿ ಇಲ್ಲ, ಕಂಪ್ಯೂಟರಿಗೂ ಇಲ್ಲ.

ಹಾಗಾದರೆ ಪ್ರಯೋಗವೊಂದೇ ಏಕೆ ಸಾಲದು? ನಮ್ಮ ಮುಂದೆ ಬರುವ ಮಾದರಿಗಳು ಚುಕ್ಕಿಯಂಥ ಆಕರಗಳಲ್ಲ. ಮಣ್ಣು ತುಂಬಿದ ಡಬ್ಬಿ, ಗಾಳಿ ಸೋಸಿದ ಕಾಗದ, ತ್ಯಾಜ್ಯದ ದೊಡ್ಡ ಪೀಪಾಯಿ, ಹೀಗೆ ಒಂದೊಂದರ ಆಕಾರ ಒಂದೊಂದು. ಮಣ್ಣು ತನ್ನೊಳಗಿಂದ ಹೊರಟ ಕಿರಣಗಳಲ್ಲಿ ಒಂದಷ್ಟನ್ನು ತಾನೇ ಹೀರಿಕೊಳ್ಳುತ್ತದೆ. ಎಷ್ಟು ಹೀರುತ್ತದೆ ಎಂಬುದು ಅದರ ಸಾಂದ್ರತೆ, ಸಂಯೋಜನೆ, ಕಿರಣದ ಶಕ್ತಿ ಎಲ್ಲದರ ಮೇಲೂ ನಿಂತಿದೆ. ಪ್ರತಿಯೊಂದಕ್ಕೂ ಪ್ರಮಾಣಿತ ಆಕರ ತಯಾರಿಸುವುದು ಆಗದ ಮಾತು. ದೇಹದೊಳಗೆ ಸೇರಿದ ವಿಕಿರಣವಸ್ತುವನ್ನು ಅಳೆಯುವವರ ಪಾಡಂತೂ ಇನ್ನೂ ಕಷ್ಟ. ಕ್ಯಾಲಿಬ್ರೇಷನ್‌ಗೆಂದು ಮನುಷ್ಯನೊಬ್ಬನಿಗೆ ವಿಕಿರಣವಸ್ತು ತುಂಬಲು ಸಾಧ್ಯವೇ? ಅದಕ್ಕೆ ಪ್ಲಾಸ್ಟಿಕ್ ಮತ್ತು ನೀರಿನಿಂದ ಮಾಡಿದ ಮಾನವಾಕೃತಿಗಳನ್ನು ಬಳಸುತ್ತಾರೆ. ಆದರೆ ಎಲ್ಲ ಎತ್ತರದ, ಎಲ್ಲ ಗಾತ್ರದ ಜನರಿಗೆ ಹೊಂದುವಷ್ಟು ಆಕೃತಿಗಳು ಎಲ್ಲಿಂದ ಬರಬೇಕು?

ಇಲ್ಲಿ ಮಾಂಟೆ ಕಾರ್ಲೋ ವಿಧಾನ ಕೈಹಿಡಿಯುತ್ತದೆ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾ ಉಲಾಮ್ ಒಬ್ಬರೇ ಇಸ್ಪೀಟು ಆಡುತ್ತಾ, ಈ ಆಟ ಗೆಲ್ಲುವ ಸಂಭವ ಎಷ್ಟು ಎಂದು ಲೆಕ್ಕ ಹಾಕಲು ಹೊರಟರು. ಸೂತ್ರಗಳಿಂದ ಬಗೆಹರಿಯಲಿಲ್ಲ. ಸುಮ್ಮನೆ ನೂರು ಸಲ ಆಡಿ ಎಣಿಸಿಬಿಟ್ಟರೆ ಆಗದೇ ಎಂಬ ಯೋಚನೆ ಬಂತು. ಅದನ್ನೇ ನ್ಯೂಟ್ರಾನ್‌ಗಳ ಓಡಾಟದ ಲೆಕ್ಕಕ್ಕೆ ಹಚ್ಚಬಹುದೆಂದು ಇನ್ನೊಬ್ಬ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅವರೊಡನೆ ಚರ್ಚಿಸಿದರು. ಜೂಜುಕಟ್ಟೆಗೆ ಹೆಸರಾದ ಊರಿನ ಹೆಸರೇ ವಿಧಾನಕ್ಕೂ ಬಂತು. 1949ರಲ್ಲಿ ನಿಕೊಲಾಸ್ ಮೆಟ್ರೊಪೊಲಿಸ್ ಮತ್ತು ಉಲಾಮ್ ಆ ಹೆಸರಿನಲ್ಲೇ ಪ್ರಬಂಧ ಪ್ರಕಟಿಸಿದರು.

ಡಿಟೆಕ್ಟರಿನ ವಿಷಯದಲ್ಲಿ ಇದು ನಡೆಯುವುದು ಹೀಗೆ. ಆಕರ, ಡಬ್ಬಿ, ಹರಳು, ಹರಳನ್ನು ಮುಚ್ಚಿದ ಅಲ್ಯೂಮಿನಿಯಂ ಕವಚ, ಸೀಸದ ಗೋಡೆ ಎಲ್ಲದರ ಅಳತೆಗಳನ್ನೂ ಕಂಪ್ಯೂಟರಿಗೆ ಕೊಡುತ್ತೇವೆ. ಅದು ಒಂದು ಗಾಮಾ ಕಿರಣವನ್ನು ಯಾವುದೋ ದಿಕ್ಕಿಗೆ ಹೊರಡಿಸುತ್ತದೆ. ಎಷ್ಟು ದೂರ ಹೋಗಿ ಡಿಕ್ಕಿಯಾಯಿತು, ಎಂಥ ಡಿಕ್ಕಿ, ಯಾವ ಕೋನಕ್ಕೆ ತಿರುಗಿತು ಎಂಬುದನ್ನೆಲ್ಲ ಯಾದೃಚ್ಛಿಕ ಸಂಖ್ಯೆಗಳು ತೀರ್ಮಾನಿಸುತ್ತವೆ. ಆದರೆ ಭೌತವಿಜ್ಞಾನ ಅಳೆದುಕೊಟ್ಟ ಸಂಭವನೀಯತೆಗಳ ಕಟ್ಟುಪಾಡಿನೊಳಗೆ. ಕಿರಣದ ಕಥೆ ಮುಗಿದ ಮೇಲೆ ಹರಳಿನಲ್ಲಿ ಎಷ್ಟು ಶಕ್ತಿ ಉಳಿಯಿತೆಂದು ಬರೆದುಕೊಂಡು ಮುಂದಿನ ಕಿರಣ. ಹೀಗೆ ಒಂದು ಕೋಟಿ. ಸಾವಿರಕ್ಕೆ ಒಂದು ಶಿಖರ ಸೇರಿದರೆ 10,000 ಎಣಿಕೆ, ಮತ್ತೆ ಅದೇ ನೂರಕ್ಕೆ ಒಂದರ ಅನಿಶ್ಚಿತತೆ. ಅಮೆರಿಕದ ಪ್ರಯೋಗಾಲಯ ಲಾಸ್ ಅಲಾಮೋಸ್‌ನ ಎಂಸಿಎನ್‌ಪಿ, ಯುರೋಪಿನ ಕಣವಿಜ್ಞಾನ ಸಂಸ್ಥೆ ಸರ್ನ್‌ನಲ್ಲಿ ಹುಟ್ಟಿದ ಜಿಯಾಂಟ್-4 ಈ ಕೆಲಸಕ್ಕೆ ಹೆಸರಾದ ತಂತ್ರಾಂಶಗಳು.

ಸಿಮ್ಯುಲೇಷನ್ ಮುಗಿಯಿತು. ಅದೇ ಆಕರವನ್ನು ಅದೇ ಜಾಗದಲ್ಲಿಟ್ಟು ಪ್ರಯೋಗವನ್ನೂ ಮಾಡಿದೆವು. ಎರಡೂ ಹೊಂದುತ್ತವೆಯೇ? ಡಿಟೆಕ್ಟರ್ ತಯಾರಕರು ಕೊಟ್ಟ ಅಳತೆಗಳನ್ನೇ ನಂಬಿ ಲೆಕ್ಕ ಮಾಡಿದ್ದರೆ ಸಾಮಾನ್ಯವಾಗಿ ಹೊಂದುವುದಿಲ್ಲ. ನೂರಕ್ಕೆ ಹತ್ತರಷ್ಟು ವ್ಯತ್ಯಾಸ ಬಂದರೂ ಈ ಕೆಲಸ ಬಲ್ಲವರು ಅಚ್ಚರಿಪಡುವುದಿಲ್ಲ. ಹೆಚ್ಚಿನ ಸಲ ಕಂಪ್ಯೂಟರಿನ ದಕ್ಷತೆಯೇ ಮೇಲಿರುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಸ್ವಾರಸ್ಯದ ಘಟ್ಟ ಇದು. ಏಕೆಂದರೆ ಮುಚ್ಚಿದ ಕವಚದೊಳಗೆ ಹರಳು ನಿಜವಾಗಿ ಹೇಗಿದೆ ಎಂಬುದನ್ನು ಈ ವ್ಯತ್ಯಾಸವೇ ಬಾಯಿಬಿಡುತ್ತದೆ.

ಮೊದಲ ಸಂಶಯ ಹೋಗುವುದು ನಿಷ್ಕ್ರಿಯ ಪದರದ ಮೇಲೆ. ಹೆಚ್ಚು ಬಳಕೆಯಲ್ಲಿರುವ ಪಿ ಬಗೆಯ ಜರ್ಮೇನಿಯಂ ಹರಳಿನ ಹೊರಮೈಯಲ್ಲಿ ಲಿಥಿಯಂ ಹಾಯಿಸಿದ ಒಂದು ಪದರವಿರುತ್ತದೆ. ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ಅಲ್ಲಿ ಶಕ್ತಿ ಬಿಟ್ಟ ಕಿರಣ ಎಣಿಕೆಗೆ ಬರುವುದಿಲ್ಲ. ಒಂದು ಮಿಲಿಮೀಟರ್ ಜರ್ಮೇನಿಯಂ ಅಮೆರಿಸಿಯಂನ 59.5ರ ಕಿರಣಗಳಲ್ಲಿ ಮೂರರಲ್ಲಿ ಎರಡು ಪಾಲನ್ನು ತಡೆಯುತ್ತದೆ. ಸೀಸಿಯಂನ ಕಿರಣಗಳಲ್ಲಿ ಅದಕ್ಕೆ ಸಿಕ್ಕಿಬೀಳುವುದು ನೂರಕ್ಕೆ ನಾಲ್ಕು ಮಾತ್ರ. ಹಾಗಾಗಿ ವ್ಯತ್ಯಾಸ ಕಡಿಮೆ ಶಕ್ತಿಯಲ್ಲಿ ದೊಡ್ಡದಾಗಿದ್ದು, ಹೆಚ್ಚು ಶಕ್ತಿಯಲ್ಲಿ ಕರಗಿದರೆ ದೋಷ ಪದರದ್ದು. ಎಲ್ಲ ಶಕ್ತಿಯಲ್ಲೂ ಒಂದೇ ಪ್ರಮಾಣದಲ್ಲಿದ್ದರೆ ಆಕರದ ದೂರವೋ ಚಟುವಟಿಕೆಯ ಲೆಕ್ಕವೋ ತಪ್ಪಿರಬಹುದು. ಹೆಚ್ಚು ಶಕ್ತಿಯಲ್ಲೇ ಬೆಳೆಯುತ್ತಾ ಹೋದರೆ ಹರಳಿನ ಸಕ್ರಿಯ ಗಾತ್ರ ನಾವಂದುಕೊಂಡದ್ದಕ್ಕಿಂತ ಚಿಕ್ಕದು. ಊಹೆಗೇ ನಿಲ್ಲಬೇಕಾಗಿಲ್ಲ: ಕವಚದ ಎಕ್ಸ್-ರೇ ತೆಗೆದರೆ ಹರಳು ಓರೆಯಾಗಿದೆಯೇ, ಮುಖದಿಂದ ಎಷ್ಟು ಹಿಂದಿದೆ ಎಂದು ಕಾಣುತ್ತದೆ. ಅಮೆರಿಸಿಯಂ ಆಕರವನ್ನು ಸೀಸದ ಸಣ್ಣ ರಂಧ್ರದ ಹಿಂದಿಟ್ಟು ಹರಳಿನ ಮೈಯುದ್ದಕ್ಕೂ ಸರಿಸುತ್ತಾ ಹೋದರೆ ಪದರ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದೂ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿಯ ಅಳತೆಗಳನ್ನು ತಿದ್ದಿ ಲೆಕ್ಕವನ್ನು ಪ್ರಯೋಗಕ್ಕೆ ಹೊಂದಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. ಪದರದ ದಪ್ಪ ಎಂಬ ಒಂದು ತಿರುಗಣೆ ಕೈಗೆ ಸಿಕ್ಕಿತೆಂದು, ಲೆಕ್ಕದ ಗೆರೆ ಪ್ರಯೋಗದ ಗೆರೆಯ ಮೇಲೆ ಕೂರುವವರೆಗೆ ಅದನ್ನೇ ತಿರುಗಿಸುತ್ತಾ ಕೂರುವುದು ಕ್ಯಾಲಿಬ್ರೇಷನ್ ಅಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಕೋಬಾಲ್ಟ್-60 ಕ್ಷಯಿಸಿದಾಗ 1173 ಮತ್ತು 1332ರ ಎರಡು ಕಿರಣಗಳು ಒಂದರ ಬೆನ್ನಿಗೊಂದು ಬರುತ್ತವೆ. ನಡುವಿನ ಅಂತರ ಸುಮಾರು ಒಂದು ಪಿಕೋಸೆಕೆಂಡ್, ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಆಕರ ಹರಳಿನ ಮುಖಕ್ಕೆ ಅಂಟಿಕೊಂಡಂತಿದ್ದರೆ ಎರಡೂ ಒಟ್ಟಿಗೆ ಒಳಗೆ ಬೀಳುವ ಸಂಭವ ಹೆಚ್ಚು. ಡಿಟೆಕ್ಟರಿಗೆ ಅವು ಎರಡೆಂದು ತಿಳಿಯುವುದಿಲ್ಲ. ಎರಡೂ ಪೂರ್ತಿ ಶಕ್ತಿ ಬಿಟ್ಟರೆ ಕೂಡಿಸಿ 2505 ಎಂದು ಬರೆದುಕೊಳ್ಳುತ್ತದೆ. ಎರಡನೆಯದು ಸ್ವಲ್ಪವೇ ಶಕ್ತಿ ಬಿಟ್ಟರೂ ಮೊದಲನೆಯದು ತನ್ನ ಶಿಖರದಿಂದ ಕಳಚಿಹೋಗುತ್ತದೆ. ಎರಡೂ ಶಿಖರಗಳು ಸೊರಗುತ್ತವೆ. ಸೀಸಿಯಂನ 662ರ ಕಿರಣಕ್ಕೆ ಇಂಥ ಜೊತೆಗಾರನಿಲ್ಲ, ಅದರ ಶಿಖರ ಹಾಗೇ ಇರುತ್ತದೆ.

ಈಗ ಸಿಮ್ಯುಲೇಷನ್‌ನಲ್ಲಿ ಕಿರಣಗಳನ್ನು ಒಂದೊಂದಾಗಿ ಬಿಟ್ಟವರಿಗೆ ಕೋಬಾಲ್ಟ್‌ನ ಅಳತೆ ತಮ್ಮ ಲೆಕ್ಕಕ್ಕಿಂತ ಕಡಿಮೆ ಕಾಣುತ್ತದೆ. ಪದರವನ್ನು ದಪ್ಪ ಮಾಡಿ ಹೊಂದಿಸಿದರೆ ಆ ಜಾಗಕ್ಕೆ ಹೊಂದಿಕೆಯಾದಂತೆಯೇ ಕಾಣುತ್ತದೆ. ಆದರೆ ಆಕರವನ್ನು 25 ಸೆಂಟಿಮೀಟರ್ ದೂರಕ್ಕೆ ಸರಿಸಿದ ಕೂಡಲೇ ಹೊಂದಾಣಿಕೆ ಮುರಿದುಬೀಳುತ್ತದೆ, ಏಕೆಂದರೆ ಅಲ್ಲಿ ಎರಡೂ ಒಟ್ಟಿಗೆ ಬೀಳುವ ಸಂಭವ ತೀರಾ ಕಡಿಮೆ. ಪರಿಹಾರ ಇರುವುದು ಪದರದಲ್ಲಲ್ಲ. ಎರಡು ಕಿರಣಗಳನ್ನೂ ಒಂದೇ ಕ್ಷಯದಿಂದ ಒಟ್ಟಿಗೆ ಹೊರಡಿಸಿ ಲೆಕ್ಕ ಮಾಡುವುದರಲ್ಲಿ. ಅಥವಾ ಮಾದರಿಯನ್ನು ತಿದ್ದುವಾಗ ಒಂಟಿ ಕಿರಣದ ಆಕರಗಳನ್ನೇ ಬಳಸುವುದರಲ್ಲಿ. ಹೊಂದಿಸಲು ಒಂದಿಷ್ಟು ಆಕರಗಳು, ಪರೀಕ್ಷಿಸಲು ಬೇರೆ ಆಕರಗಳು, ಬೇರೆ ದೂರಗಳು. ಹೊಂದಿಸಿದ ಅಂಕಿಗಳನ್ನೇ ಮತ್ತೆ ತೋರಿಸಿ ನೋಡಿ ಹೇಗೆ ಹೊಂದಿದೆ ಎನ್ನುವ ವರದಿಯನ್ನು ನಾನಂತೂ ಪುರಾವೆ ಎಂದು ಒಪ್ಪುವುದಿಲ್ಲ.

ಸಿಮ್ಯುಲೇಷನ್‌ಗೆ ತಿಳಿಯದ ಸಂಗತಿಗಳೂ ಇವೆ. ಒಂದು ಮಿಡಿತವನ್ನು ಅಳೆಯುತ್ತಿರುವಾಗ ಬಂದ ಇನ್ನೊಂದನ್ನು ವಿದ್ಯುನ್ಮಾನ ಉಪಕರಣ ಕೈಬಿಡುತ್ತದೆ. ನಾವೇ ಹೇಳದಿದ್ದರೆ ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಶಿಖರದ ಅಗಲವನ್ನೂ ನಾವೇ ಕೊಡಬೇಕು.

ಅನುಭವಿಗಳು ಹಿಡಿಯುವ ಒಂದು ಜಾಣ ದಾರಿಯನ್ನು ಹೇಳಲೇಬೇಕು. ದಕ್ಷತೆಯನ್ನು ನೇರವಾಗಿ ಕಂಪ್ಯೂಟರಿನಿಂದ ಪಡೆಯುವ ಬದಲು ಎರಡು ದಕ್ಷತೆಗಳ ಅನುಪಾತವನ್ನು ಮಾತ್ರ ಪಡೆಯುವುದು. ಚುಕ್ಕಿ ಆಕರದ ದಕ್ಷತೆಯನ್ನು ಪ್ರಯೋಗದಿಂದ ಅಳೆಯುತ್ತಾರೆ. ಮಣ್ಣಿನ ಡಬ್ಬಿಯ ದಕ್ಷತೆ ಚುಕ್ಕಿ ಆಕರದ ದಕ್ಷತೆಯ ಎಷ್ಟು ಪಾಲು ಎಂಬುದನ್ನು ಸಿಮ್ಯುಲೇಷನ್ ಹೇಳುತ್ತದೆ. ಎರಡನ್ನೂ ಗುಣಿಸಿದರೆ ಡಬ್ಬಿಯ ದಕ್ಷತೆ. ಹರಳಿನ ಗಾತ್ರದಲ್ಲೋ ಪದರದಲ್ಲೋ ಉಳಿದ ಸಣ್ಣ ತಪ್ಪು ಅನುಪಾತದ ಮೇಲೂ ಕೆಳಗೂ ಇರುವುದರಿಂದ ಬಹುಮಟ್ಟಿಗೆ ವಜಾ ಆಗಿಬಿಡುತ್ತದೆ. ಪೂರ್ತಿ ವಜಾ ಆಗುವುದಿಲ್ಲ. ಎರಡರ ಆಕಾರ ತೀರಾ ಬೇರೆಯಾದಷ್ಟೂ ತಪ್ಪು ಉಳಿದುಕೊಳ್ಳುತ್ತದೆ.

ಒಮ್ಮೆ ಮಾಡಿದ ಕ್ಯಾಲಿಬ್ರೇಷನ್ ಶಾಶ್ವತವೂ ಅಲ್ಲ. ಜರ್ಮೇನಿಯಂ ಹರಳನ್ನು ತಿಂಗಳುಗಟ್ಟಲೆ ತಂಪಿಲ್ಲದೆ ಬಿಟ್ಟರೆ ಲಿಥಿಯಂ ಮೆಲ್ಲನೆ ಒಳಕ್ಕೆ ಸರಿಯುತ್ತದೆ, ನಿಷ್ಕ್ರಿಯ ಪದರ ದಪ್ಪವಾಗುತ್ತದೆ. ಆದ್ದರಿಂದ ಅದೇ ಅಮೆರಿಸಿಯಂ ಮತ್ತು ಅದೇ ಸೀಸಿಯಂ ಆಕರವನ್ನು ಅದೇ ಜಾಗದಲ್ಲಿಟ್ಟು ನಿಯಮಿತವಾಗಿ ಎಣಿಸಿ, ಕ್ಷಯದ ತಿದ್ದುಪಡಿ ಮಾಡಿ, ನಕ್ಷೆಯಲ್ಲಿ ಗುರುತು ಹಾಕುತ್ತಾ ಹೋಗುತ್ತಾರೆ. 662ರ ಗೆರೆ ನೆಟ್ಟಗಿದ್ದು 59.5ರ ಗೆರೆ ಮಾತ್ರ ಇಳಿಯತೊಡಗಿದರೆ ಪದರದ ದಪ್ಪವನ್ನು ಮತ್ತೆ ಅಳೆದು, ಸಿಮ್ಯುಲೇಷನ್‌ನ ಮಾದರಿಯಲ್ಲಿ ಹೊಸ ಸಂಖ್ಯೆ ಹಾಕಿ, ಡಬ್ಬಿ ಡಬ್ಬಿಯ ದಕ್ಷತೆಯನ್ನೂ ಮರಳಿ ಲೆಕ್ಕ ಮಾಡಬೇಕು.

ನಮಸ್ಕಾರ.